ಅಡುಗೆಮನೆಯ ಹಣ್ಣುನೊಣದ ಬಲೆ: 16 ತಿಂಗಳು ಬಳಸಿದ ಮೇಲೆ

ಈ ಬಲೆಯನ್ನು ನಾನು 2024ರ ಜೂನ್ ಎರಡನೆಯ ವಾರದಲ್ಲಿ ಆನ್‌ಲೈನಿನಲ್ಲಿ ತರಿಸಿದೆ. ಎರಡು ಪ್ಲಾಸ್ಟಿಕ್ ಕುಡಿಕೆ ಮತ್ತು ನೊಣವನ್ನು ಸೆಳೆಯುವ ದ್ರವದ ನಾಲ್ಕು ಪೊಟ್ಟಣ ಸೇರಿ 449 ರೂಪಾಯಿ ಆಯಿತು. ಅಂದಿನಿಂದ ಎರಡು ಮಳೆಗಾಲ, ಒಂದು ಕಾಫಿ ಕೊಯ್ಲು, ಒಂದು ಬೇಸಿಗೆ ಅದು ನಮ್ಮ ಅಡುಗೆಮನೆಯಲ್ಲೇ ಕಳೆದಿದೆ. ಮೊದಲ ವಾರದಲ್ಲಿ ಬರೆದಿದ್ದರೆ ನಾನೂ ಎಲ್ಲರಂತೆ ಐದು ನಕ್ಷತ್ರ ಕೊಡುತ್ತಿದ್ದೆ. ಈಗ ಮೂರು ಕೊಡುತ್ತೇನೆ; ಅದರಲ್ಲಿ ಎರಡೂವರೆ ಕುಡಿಕೆಗೆ ಸಲ್ಲಬೇಕು, ದ್ರವಕ್ಕೆ ಉಳಿಯುವುದು ಅರ್ಧ.

ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ, ಚೇರಂಬಾಣೆಯ ಹತ್ತಿರ. ಜೂನ್ ಬಂತೆಂದರೆ ಹಿಂದಿನ ಜಗಲಿಯಲ್ಲಿ, ಕೊಡಗಿನ ಅಡುಗೆಯ ಹುಳಿಯಾದ ಕಾಚಂಪುಳಿಗೆಂದು ಪಣಪುಳಿ ಹಣ್ಣು ಬುಟ್ಟಿ ತುಂಬ ಕೂಡಿರುತ್ತದೆ. ಮಲೆನಾಡಿನವರು ಉಪ್ಪಾಗೆ ಎನ್ನುವ ಈ ಹಣ್ಣು ಮೆತ್ತಗಾಗಿ ಅದರ ರಸ ಹನಿಹನಿಯಾಗಿ ಕೆಳಗಿನ ಪಾತ್ರೆಗೆ ಇಳಿಯಬೇಕು, ಆಮೇಲೆ ಅದನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಬೇಕು. ಅದೇ ಹೊತ್ತಿಗೆ ಹಲಸು, ಬೆಣ್ಣೆಹಣ್ಣು, ಉಗ್ರಾಣದಲ್ಲಿ ತೂಗುಹಾಕಿದ ಬಾಳೆಗೊನೆ ಎಲ್ಲವೂ ಒಟ್ಟಿಗೆ ಹಣ್ಣಾಗುತ್ತವೆ. ಹೊರಗೆ ಬಿಡದೆ ಸುರಿಯುವ ಮಳೆಗೆ ಕಿಟಕಿ ತೆರೆಯುವಂತಿಲ್ಲ. ಇಂಥ ಮನೆಗೆ ಹಣ್ಣುನೊಣ ಬಾರದಿದ್ದರೇ ಆಶ್ಚರ್ಯ. ನಾವು ಎರಡು ಕೋಣೆಗಳನ್ನು ಹೋಂಸ್ಟೇಗೆ ಬಿಟ್ಟಿದ್ದೇವೆ. ಬೆಳಗಿನ ತಿಂಡಿಗೆ ಕುಳಿತ ಅತಿಥಿಯೊಬ್ಬರು ಏನೂ ಹೇಳದೆ ಚಮಚದ ತುದಿಯಿಂದ ಹಣ್ಣಿನ ರಸದೊಳಗಿನ ಎರಡು ನೊಣಗಳನ್ನು ಎತ್ತಿ ತಟ್ಟೆಯ ಅಂಚಿಗೆ ಇಟ್ಟ ದಿನ ನಾನು ಬಲೆ ಹುಡುಕಲು ಶುರುಮಾಡಿದೆ.

ಆದರೆ ಮೊದಲು ಕೊಂಡದ್ದು ಈ ಬಲೆಯಲ್ಲ. ಶುಕ್ರವಾರದ ಸಂತೆಗೆ ಮಡಿಕೇರಿಗೆ ಹೋದಾಗ ಗೊಬ್ಬರ ಮತ್ತು ಔಷಧಿ ಮಾರುವ ಅಂಗಡಿಯೊಂದರಲ್ಲಿ ‘ಹಣ್ಣುನೊಣದ ಬಲೆ’ ಬೇಕೆಂದು ಕೇಳಿದೆ. ಅವರು ಕೇಳಿದ್ದನ್ನೇ ಕೊಟ್ಟರು. ಅದು ಮೀಥೈಲ್ ಯೂಜಿನಾಲ್ ಸವರಿದ ಮರದ ಚೂರನ್ನು ಇಟ್ಟ, ಮಾವಿನ ತೋಟದಲ್ಲಿ ತೂಗುಹಾಕುವ ಬಲೆ. ಹತ್ತು ದಿನ ಬಾಳೆಗೊನೆಯ ಪಕ್ಕದಲ್ಲಿ ತೂಗಿತು, ಒಂದೇ ಒಂದು ನೊಣ ಬೀಳಲಿಲ್ಲ. ತಪ್ಪು ಬಲೆಯದಲ್ಲ, ಹೆಸರಿನದು. ಕನ್ನಡದಲ್ಲಿ ನಾವು ಎರಡಕ್ಕೂ ಹಣ್ಣುನೊಣ ಎಂದೇ ಕರೆಯುತ್ತೇವೆ. ಮಾವು ಮತ್ತು ಪೇರಳೆಯ ಕಾಯಿಯನ್ನು ಚುಚ್ಚಿ ಒಳಗೆ ಮೊಟ್ಟೆ ಇಡುವ ನೊಣ ಬ್ಯಾಕ್ಟ್ರೊಸೆರಾ ಎಂಬ ಜಾತಿಯದು, ಗಾತ್ರದಲ್ಲಿ ಮನೆನೊಣಕ್ಕೆ ಹತ್ತಿರ. ಮೀಥೈಲ್ ಯೂಜಿನಾಲ್ ಅದರ ಗಂಡುಗಳನ್ನು ಸೆಳೆಯುತ್ತದೆ. ಅಡುಗೆಮನೆಯಲ್ಲಿ ಹಾರಾಡುವುದು ಡ್ರೊಸೊಫಿಲಾ, ಎರಡೂವರೆಯಿಂದ ಮೂರು ಮಿಲಿಮೀಟರ್ ಉದ್ದದ, ಕೆಂಪು ಕಣ್ಣಿನ, ಬೇರೆಯೇ ಕುಟುಂಬದ ನೊಣ. ಅದಕ್ಕೆ ಬೇಕಾದದ್ದು ಹುಳಿತ ಹಣ್ಣು, ಇನ್ನೂ ಸರಿಯಾಗಿ ಹೇಳಬೇಕೆಂದರೆ ಹಣ್ಣನ್ನು ಹುಳಿಯಿಸುವ ಯೀಸ್ಟ್. ಆ ಮೊದಲ ಬಲೆಯನ್ನು ಅಂಗಳದ ಪೇರಳೆ ಮರಕ್ಕೆ ಕಟ್ಟಿದ ಮೇಲೆ ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಆದ್ದರಿಂದ ಕೊಳ್ಳುವ ಮುನ್ನ ಡಬ್ಬಿಯ ಮೇಲೆ ಬರೆದಿರುವ ಔಷಧಿಯ ಹೆಸರನ್ನು ಒಮ್ಮೆ ಓದಿಕೊಳ್ಳಿ.

ಈಗ ವಿಮರ್ಶೆಗೆ ತೆಗೆದುಕೊಂಡ ಬಲೆಯ ರಚನೆ ಬಹಳ ಸರಳ. ಮುಷ್ಟಿಗಾತ್ರದ ಪಾರದರ್ಶಕ ಕುಡಿಕೆ, ಅದರ ಮೇಲೆ ಒಳಮುಖವಾಗಿ ಇಳಿದ ಆಲಿಕೆಯಂಥ ಮುಚ್ಚಳ, ಮುಚ್ಚಳದಲ್ಲಿ ಸಣ್ಣ ಆರು ರಂಧ್ರ. ತಳದಲ್ಲಿ ಎರಡು ಬೆರಳಷ್ಟು ದ್ರವ ಸುರಿಯಬೇಕು. ವಾಸನೆಗೆ ಬಂದ ನೊಣ ರಂಧ್ರದಿಂದ ಒಳಗೆ ಇಳಿಯುತ್ತದೆ. ಹೊರಬರಬೇಕಾದಾಗ ಬೆಳಕಿನ ಕಡೆಗೆ ಹಾರಿ ಕುಡಿಕೆಯ ಗೋಡೆಗೆ ಬಡಿಯುತ್ತದೆಯೇ ಹೊರತು ಮೇಲಿನ ರಂಧ್ರವನ್ನು ಹುಡುಕುವುದಿಲ್ಲ. ದ್ರವದಲ್ಲಿ ವಿನೆಗರ್, ಸಕ್ಕರೆ ಮತ್ತು ಸಾಬೂನಿನ ಅಂಶ ಇದೆಯೆಂದು ಪೊಟ್ಟಣ ಹೇಳುತ್ತದೆ. ಸಾಬೂನು ನೀರಿನ ಮೇಲ್ಮೈ ಬಿಗಿತವನ್ನು ಸಡಿಲಿಸುವುದರಿಂದ ಹಗುರವಾದ ನೊಣವೂ ತೇಲದೆ ಮುಳುಗುತ್ತದೆ. ಕಾಫಿ ಬೆಳೆಗಾರರಿಗೆ ಇದೇನೂ ಹೊಸದಲ್ಲ. ಕಾಯಿಕೊರಕಕ್ಕೆ ತೋಟದಲ್ಲಿ ತೂಗುಹಾಕುವ ಬ್ರೋಕಾ ಟ್ರ್ಯಾಪ್ ಕೂಡ ವಾಸನೆ ತೋರಿಸಿ ನೀರಿಗೆ ಬೀಳಿಸುವುದೇ, ಅಲ್ಲಿ ಸೆಳೆಯುವುದು ಮದ್ಯಸಾರಗಳ ಮಿಶ್ರಣ, ಅಷ್ಟೆ.

ಮೊದಲ ರಾತ್ರಿ ಟಾರ್ಚ್ ಹಿಡಿದು ನಾನು ಕುಡಿಕೆಯ ಮುಂದೆ ಕುಳಿತಿದ್ದೆ. ನೊಣಗಳು ನೇರವಾಗಿ ಒಳಗೆ ಹೋಗುವುದಿಲ್ಲ. ಮುಚ್ಚಳದ ಅಂಚಿನಲ್ಲಿ ಇಳಿದು, ಮುಂಗಾಲು ಉಜ್ಜಿಕೊಂಡು, ರಂಧ್ರದ ಸುತ್ತ ಪ್ರದಕ್ಷಿಣೆ ಹಾಕಿ, ತಲೆ ಇಟ್ಟು ಹಿಂದೆ ಸರಿದು, ಮತ್ತೆ ಬಂದು, ಹೀಗೆ ಒಂದು ನೊಣ ಒಳಗಿಳಿಯಲು ನಾಲ್ಕು ನಿಮಿಷ ತೆಗೆದುಕೊಂಡಿತು. ಬೆಳಿಗ್ಗೆ ಸೋಸಿ ಎಣಿಸಿದಾಗ 23. ವಾರದ ಕೊನೆಗೆ ಎರಡೂ ಕುಡಿಕೆ ಸೇರಿ 140 ದಾಟಿತ್ತು. ನನಗೆ ಬಹಳ ಸಂತೋಷವಾಯಿತು, ಅತ್ತೆಗೆ ಆಗಲಿಲ್ಲ. ಸತ್ತವನ್ನು ಎಣಿಸುತ್ತಿದ್ದ ನನ್ನನ್ನು ನೋಡಿ, “ಅಷ್ಟು ಸತ್ತರೂ ಬಾಳೆಹಣ್ಣಿನ ಮೇಲೆ ಇರುವುದು ಅಷ್ಟೇ ಇದೆಯಲ್ಲ ಮಗಳೇ,” ಎಂದರು. ಆ ಮಾತು ನಿಜವಾಗಿತ್ತು, ಮತ್ತು ಅದು ನಿಜವೆಂದು ಒಪ್ಪಿಕೊಳ್ಳಲು ನನಗೆ ಮತ್ತೆ ಐದು ವಾರ ಬೇಕಾಯಿತು.

ಕಾರಣ ಸಿಕ್ಕಿದ್ದು ಆಲೂಗಡ್ಡೆಯ ಬುಟ್ಟಿಯಲ್ಲಿ. ತಳಕ್ಕೆ ಹಾಸಿದ್ದ ಹಳೆಯ ಪತ್ರಿಕೆಯ ಮಡಿಕೆಯೊಳಗೆ ಒಂದು ಆಲೂಗಡ್ಡೆ ಕರಗಿ ನೀರಾಗಿತ್ತು. ಆ ಒದ್ದೆ ಕಾಗದವನ್ನು ಎತ್ತಿದಾಗ ಅದರ ತುಂಬ ಅಕ್ಕಿನುಚ್ಚಿಗಿಂತ ಸಣ್ಣ ಬಿಳಿ ಹುಳುಗಳು ಹರಿದಾಡುತ್ತಿದ್ದವು, ಬುಟ್ಟಿಯ ಬಿದಿರಿನ ಕಡ್ಡಿಗಳಿಗೆ ಜೀರಿಗೆಯ ಬಣ್ಣದ ಕೋಶಗಳು ಸಾಲಾಗಿ ಅಂಟಿಕೊಂಡಿದ್ದವು. ಹೆಣ್ಣು ನೊಣವೊಂದು ತನ್ನ ಜೀವಿತದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಇಂಥ ಹೆರಿಗೆಮನೆಯನ್ನು ಒಂದು ಮೂಲೆಯಲ್ಲಿ ಸಾಕಿಕೊಂಡು ಇನ್ನೊಂದು ಮೂಲೆಯಲ್ಲಿ ಬಲೆ ಇಟ್ಟರೆ, ಬಲೆ ತುಂಬುತ್ತಲೇ ಇರುತ್ತದೆ; ತುಂಬುತ್ತಿರುವ ಬಲೆಯನ್ನು ನೋಡಿ ನಾವು ಅದು ಕೆಲಸ ಮಾಡುತ್ತಿದೆಯೆಂದು ಭಾವಿಸುತ್ತೇವೆ. ಬುಟ್ಟಿಯನ್ನು ಸುಡುನೀರಿನಲ್ಲಿ ತೊಳೆದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆವು. ಪಣಪುಳಿಯ ಬುಟ್ಟಿಗೆ ಹಳೆಯ ಪಂಚೆಯನ್ನು ಬಿಗಿಯಾಗಿ ಕಟ್ಟಿದೆವು. ನೆಲ ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲಿ ಮುದ್ದೆಯಾಗಿ ಬಿಡುವ ಅಭ್ಯಾಸ ಬಿಟ್ಟೆವು.

ಮರುದಿನವೇ ನೊಣ ಕಡಿಮೆಯಾಗಲಿಲ್ಲ, ಆಗುವುದೂ ಇಲ್ಲ. 25 ಡಿಗ್ರಿ ಉಷ್ಣಾಂಶದಲ್ಲಿ ಮೊಟ್ಟೆಯಿಂದ ನೊಣವಾಗಲು ಹತ್ತು ದಿನ ಸಾಕು. 18 ಡಿಗ್ರಿಯಲ್ಲಿ ಅದರ ಸುಮಾರು ಎರಡರಷ್ಟು ದಿನ ಬೇಕು. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಗೋಡೆಯ ಥರ್ಮಾಮೀಟರ್ 20ರ ಆಸುಪಾಸಿನಲ್ಲಿ ನಿಂತಿರುತ್ತದೆ. ಹಾಗಾಗಿ ಬುಟ್ಟಿ ತೊಳೆದ ಹೊತ್ತಿಗೆ ಎಲ್ಲೋ ಬಿರುಕಿನಲ್ಲಿ ಉಳಿದಿದ್ದ ಮೊಟ್ಟೆ, ಹುಳು, ಕೋಶಗಳಿಂದ ಮುಂದಿನ ಎರಡು ವಾರವೂ ನೊಣ ಹೊರಬರುತ್ತಲೇ ಇತ್ತು. ಬಲೆಯ ನಿಜವಾದ ಉಪಯೋಗ ನನಗೆ ಕಂಡದ್ದು ಈ ದಿನಗಳಲ್ಲಿ. ಹೊಸದಾಗಿ ಹೊರಬಂದ ನೊಣ ಮತ್ತೆ ಮೊಟ್ಟೆ ಇಡುವ ಮೊದಲೇ ಅದರಲ್ಲಿ ಬಿತ್ತು. ದಿನದ ಲೆಕ್ಕ 19, 14, 14, 9 ಎಂದು ಇಳಿಯುತ್ತ ಹದಿನೆಂಟನೆಯ ದಿನ ಸೊನ್ನೆಗೆ ಬಂತು. ಪೆಟ್ಟಿಗೆಯ ಮೇಲೆ ‘48 ಗಂಟೆಯಲ್ಲಿ ಮುಕ್ತಿ’ ಎಂದು ಮುದ್ರಿಸಿದ್ದಾರೆ. ಕೊಡಗಿನ ಆಟಿ ತಿಂಗಳಲ್ಲಿ 48 ಗಂಟೆಗೆ ಬಟ್ಟೆಯೂ ಒಣಗುವುದಿಲ್ಲ.

ದ್ರವದ ಮೇಲೆ ನನಗೆ ಎರಡು ತಕರಾರು. ಒಂದು ಪೊಟ್ಟಣ 30 ದಿನ ಬರುತ್ತದೆ ಎನ್ನುತ್ತಾರೆ. ಮಾರ್ಚಿನಲ್ಲಿ ಅದು ಹನ್ನೆರಡು ದಿನಕ್ಕೆ ಒಣಗಿ ತಳದಲ್ಲಿ ಕಂದು ಅಂಟಾಯಿತು. ಮಳೆಗಾಲದಲ್ಲಿ ಒಣಗುವ ಪ್ರಶ್ನೆಯಿಲ್ಲ, ಆದರೆ ಮೂರನೆಯ ವಾರಕ್ಕೆ ದ್ರವದ ಮೇಲೆ ತೆಳುವಾದ ಬೂಷ್ಟಿನ ಪದರ ಕಟ್ಟಿತು. ನೊಣಗಳು ಅದರ ಮೇಲೆ ಗದ್ದೆಯ ಬದುವಿನ ಮೇಲೆ ನಡೆದಂತೆ ನಡೆದಾಡುತ್ತಿದ್ದವು. ಬೂಷ್ಟು ಕಂಡರೆ ದ್ರವ ಚೆಲ್ಲಿ ಕುಡಿಕೆ ತೊಳೆಯಬೇಕೆಂಬ ಒಂದು ಸಾಲನ್ನಾದರೂ ಸೂಚನಾಪತ್ರದಲ್ಲಿ ಬರೆಯಬಹುದಿತ್ತು. ಮರುಪೂರಣದ ನಾಲ್ಕು ಪೊಟ್ಟಣಕ್ಕೆ 220 ರೂಪಾಯಿ ಎಂಬುದು ಎರಡನೆಯ ತಕರಾರು.

ಹೀಗಾಗಿ ಸ್ವಂತ ದ್ರವದ ಪ್ರಯೋಗ ಶುರುವಾಯಿತು. ಮನೆಯಲ್ಲಿ ಹುಳಿಯೆಂದರೆ ಕಾಚಂಪುಳಿ, ಆದ್ದರಿಂದ ಮೊದಲು ಅದನ್ನೇ ನೀರಿನಲ್ಲಿ ಕದಡಿ ಸುರಿದೆ. ಮೂರು ದಿನಕ್ಕೆ ಎರಡು ನೊಣ. ಹಸಿ ಹಣ್ಣಿಗೆ ಮುತ್ತುವ ನೊಣ ಅದೇ ಹಣ್ಣಿನ ಕಾಚಂಪುಳಿಯನ್ನು ತಿರುಗಿಯೂ ನೋಡದ್ದು ವಿಚಿತ್ರವೆನಿಸಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿದ ನಾದಿನಿಯ ಮಗಳು ಹುತ್ತರಿಗೆ ಬಂದಾಗ ಇದನ್ನು ಬಿಡಿಸಿ ಹೇಳಿದಳು. ವಿನೆಗರಿನ ಅಸಿಟಿಕ್ ಆಮ್ಲ ಆವಿಯಾಗಿ ಗಾಳಿಯಲ್ಲಿ ಹರಡುತ್ತದೆ, ನೊಣ ಆ ವಾಸನೆಯನ್ನು ಹಿಡಿದು ಬರುತ್ತದೆ. ಪಣಪುಳಿಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ್ದು, ಅದು ಆವಿಯಾಗುವುದಿಲ್ಲ, ಜೊತೆಗೆ ನಾವು ಅದನ್ನು ಗಂಟೆಗಟ್ಟಲೆ ಕುದಿಸಿ ಹುದುಗಿನ ವಾಸನೆಯನ್ನೂ ಕಳೆದಿರುತ್ತೇವೆ. ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ತಳಿಗಳನ್ನು ಸಾಕಿ ಕಾಪಾಡುವ ಕೇಂದ್ರವೇ ಇದೆ. ನಾವು ಓಡಿಸಲು ಹೆಣಗುವ ಈ ನೊಣಕ್ಕೆ ಅಲ್ಲಿ ರವೆ, ಬೆಲ್ಲ, ಅಗರ್ ಬೇಯಿಸಿ, ಮೇಲೆ ಯೀಸ್ಟ್ ಹಾಕಿ ಉಣಬಡಿಸುತ್ತಾರಂತೆ! 1933ರಲ್ಲಿ ತಳಿವಿಜ್ಞಾನಿ ಮಾರ್ಗನ್ ಅವರಿಗೆ ವೈದ್ಯಕೀಯ ವಿಭಾಗದ ನೊಬೆಲ್ ತಂದುಕೊಟ್ಟ ಪ್ರಯೋಗಗಳೂ ಇದೇ ನೊಣದ ಮೇಲೆ ನಡೆದವು ಎಂದು ಅವಳು ಹೇಳಿದಾಗ ಅತ್ತೆ, “ಹಾಗಾದರೆ ಇವನ್ನೂ ಅಲ್ಲಿಗೇ ಕರೆದುಕೊಂಡು ಹೋಗು,” ಎಂದರು.

ಆ ಊಟದ ವಿವರದಿಂದಲೇ ನನಗೆ ಬೇಕಾದ ದ್ರವ ಸಿಕ್ಕಿತು. ಮನೆಯಲ್ಲಿ ವೈನ್ ಮಾಡಲು ಯೀಸ್ಟ್ ಇದ್ದೇ ಇರುತ್ತದೆ. ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಅಡಿಕೆಯಷ್ಟು ಬೆಲ್ಲ, ಎರಡು ಚಿಟಿಕೆ ಯೀಸ್ಟ್ ಹಾಕಿ ಒಂದು ರಾತ್ರಿ ಒಲೆಯ ಬದಿಯಲ್ಲಿಟ್ಟು, ನೊರೆ ಬಂದ ಮೇಲೆ ಒಂದು ಚಮಚ ವಿನೆಗರ್ ಮತ್ತು ಪಾತ್ರೆ ತೊಳೆಯುವ ದ್ರವದ ಮೂರು ಹನಿ ಸೇರಿಸುತ್ತೇನೆ. ಒಂದು ಕುಡಿಕೆಯಲ್ಲಿ ಇದು, ಪಕ್ಕದ ಕುಡಿಕೆಯಲ್ಲಿ ಕಂಪನಿಯ ದ್ರವ ಇಟ್ಟು ಕಳೆದ ಜುಲೈಯಲ್ಲಿ ಒಂದು ವಾರ ನೋಡಿದೆ. ಇದರಲ್ಲಿ 61, ಅದರಲ್ಲಿ 27. ಒಂದೇ ಮನೆಯ ಒಂದೇ ವಾರದ ಲೆಕ್ಕವಿದು, ಅದಕ್ಕಿಂತ ಹೆಚ್ಚಿನ ತೂಕ ಕೊಡಬೇಡಿ. ಬಾಳೆಹಣ್ಣಿನ ತುಂಡು ಹಾಕುವವರು ಮಾತ್ರ ಎಚ್ಚರದಿಂದಿರಬೇಕು. ನಾನೂ ಒಮ್ಮೆ ಹಾಕಿದ್ದೆ. ದ್ರವದಿಂದ ಮೇಲೆದ್ದು ನಿಂತ ತುಂಡಿನ ಮೇಲೆ ನೊಣಗಳು ಮೊಟ್ಟೆಯಿಟ್ಟು, ಹತ್ತು ದಿನ ಮರೆತದ್ದಕ್ಕೆ ಬಲೆಯೊಳಗೇ ಹುಳುಗಳು ಗೋಡೆ ಹತ್ತುತ್ತಿದ್ದವು.

ಬಚ್ಚಲಿನ ಗೋಡೆಯ ಮೇಲೆ ಕೂರುವ, ರೆಕ್ಕೆಯಲ್ಲಿ ರೋಮವಿರುವ, ಪುಟ್ಟ ಪತಂಗದಂಥ ನೊಣಕ್ಕೆ ಈ ಬಲೆ ಪ್ರಯೋಜನವಿಲ್ಲ. ಅದು ನೀರು ಹೋಗುವ ಕೊಳವೆಯ ಲೋಳೆಯಲ್ಲಿ ಬೆಳೆಯುತ್ತದೆ. ಒಳಬದಿಗೆ ಕೊಬ್ಬರಿ ಎಣ್ಣೆ ಸವರಿದ ಲೋಟವನ್ನು ರಾತ್ರಿ ಕೊಳವೆಯ ಬಾಯಿಗೆ ಬೋರಲು ಹಾಕಿಟ್ಟರೆ ಬೆಳಿಗ್ಗೆ ಅಂಟಿಕೊಂಡ ನೊಣದಿಂದ ವಿಷಯ ತಿಳಿಯುತ್ತದೆ. ಆಮೇಲೆ ಉದ್ದ ಹಿಡಿಯ ಬ್ರಷ್ಷಿನಿಂದ ಲೋಳೆಯನ್ನು ತಿಕ್ಕಿ ತೆಗೆಯುವುದೊಂದೇ ದಾರಿ. ನೀಲಿ ಬೆಳಕಿನ ವಿದ್ಯುತ್ ಬಲೆಯನ್ನೂ ನೆಂಟರಿಂದ ಎರವಲು ತಂದು ನೋಡಿದೆ. ದೀಪದ ಹುಳುಗಳು ಬಿದ್ದವು, ಹಣ್ಣುನೊಣ ಬೀಳಲಿಲ್ಲ, ಅಷ್ಟರಲ್ಲಿ ಕರೆಂಟೂ ಹೋಯಿತು.

ಕಾಫಿ ಕೊಯ್ಲಿನ ಕಾಲಕ್ಕೆ ಈ ಬಲೆಯನ್ನು ಅಳೆಯುವುದು ನ್ಯಾಯವಲ್ಲವೆಂದು ತೋರುತ್ತದೆ, ಆದರೂ ಹೇಳಿಬಿಡುತ್ತೇನೆ. ಡಿಸೆಂಬರಿನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರ ಓಡುವ ದಿನಗಳಲ್ಲಿ ಹಣ್ಣಿನ ಸಿಪ್ಪೆಯ ರಾಶಿ ಮನೆಯಿಂದ ಮೂವತ್ತು ಅಡಿ ದೂರದಲ್ಲಿತ್ತು. ಎರಡು ಕುಡಿಕೆ ದಿನಕ್ಕೆರಡು ಬಾರಿ ತುಂಬಿದರೂ ಊಟದ ಮೇಜಿನ ಮೇಲೆ ತಟ್ಟೆ ಮುಚ್ಚದೆ ಕೂರುವಂತಿರಲಿಲ್ಲ. ರಾಶಿಯನ್ನು ತೋಟದ ಕೆಳಗಿನ ಗುಂಡಿಗೆ ಸಾಗಿಸಿ ಮಣ್ಣು ಮುಚ್ಚಿದ ಮೇಲೆಯೇ ಮನೆಯೊಳಗೆ ಬಲೆಗೆ ಅರ್ಥ ಬಂತು.

ಬಾಳಿಕೆಯ ವಿಷಯದಲ್ಲಿ ಕುಡಿಕೆಗಳು ಗಟ್ಟಿ. ಒಂದು ಕುಡಿಕೆ ಎರಡು ಬಾರಿ ಕಪಾಟಿನಿಂದ ಬಿದ್ದರೂ ಒಡೆಯಲಿಲ್ಲ. ಮುಚ್ಚಳದ ತಿರುಪು ಮಾತ್ರ ಹತ್ತನೆಯ ತಿಂಗಳಿಗೆ ಸವೆದು, ಅಂಚಿನಲ್ಲಿ ಉಳಿದ ಸಂದಿಯಿಂದ ನೊಣಗಳು ಹೊರಗೆ ಬರತೊಡಗಿದವು. ಬರಿಯ ಮುಚ್ಚಳ ಕೊಡುತ್ತೀರಾ ಎಂದು ಮಾರಾಟಗಾರರನ್ನು ಎರಡು ಬಾರಿ ಬರೆದು ಕೇಳಿದೆ, ಹೊಸ ಜೋಡಿ ಕೊಳ್ಳಿ ಎಂಬ ಒಂದೇ ಉತ್ತರ ಎರಡೂ ಬಾರಿ ಬಂತು. ಈಗ ಆ ಸಂದಿಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಉಂಗುರ ಹಾಕಿದ್ದೇನೆ, ಸರಿಯಾಗಿದೆ. ಒಂದು ಕುಡಿಕೆ ವರ್ಷವಿಡೀ ಬಾಳೆಗೊನೆಯ ಕೆಳಗೆ ಇರುತ್ತದೆ. ಅದರಲ್ಲಿ ದಿನಕ್ಕೆ ಒಂದೆರಡು ನೊಣ ಬಿದ್ದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ, ಹತ್ತು ದಾಟಿದರೆ ಮೊದಲು ಆಲೂಗಡ್ಡೆಯ ಬುಟ್ಟಿಯನ್ನು ಮಗುಚುತ್ತೇನೆ. ಕಂಪನಿಯ ದ್ರವದ ಕೊನೆಯ ಎರಡು ಪೊಟ್ಟಣಗಳು ಕಪಾಟಿನಲ್ಲಿ ಹಾಗೆಯೇ ಉಳಿದಿವೆ, ಹತ್ತಿರದಲ್ಲಿ ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.