ಅಶ್ವಗಂಧವೋ, ರೀಶಿ ಅಣಬೆಯೋ?

ಒತ್ತಡ ಜಾಸ್ತಿ, ನಿದ್ದೆ ಸರಿಯಿಲ್ಲ ಅಂತ ಇವೆರಡರಲ್ಲಿ ಒಂದನ್ನು ನೋಡುತ್ತಿದ್ದೀರಾ? ನನ್ನ ಒಲವು ಅಶ್ವಗಂಧದ ಕಡೆ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಚಿಕ್ಕವು, ಆದರೂ ಸ್ವಲ್ಪ ಗುಣ ಕಂಡಿದೆ. ಬೆಳಗಾವಿಯ ಗಿಡಮೂಲಿಕೆ ಅಂಗಡಿಗಳಲ್ಲಿ ಬೇರಿನ ಪುಡಿ ಸುಲಭವಾಗಿ ಸಿಗುತ್ತದೆ. ಬಿಸಿ ಹಾಲಿನಲ್ಲಿ ಅದು ಪೂರ್ತಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಕಲಕುತ್ತಾ ಕುಡಿಯಬೇಕು. ಥೈರಾಯ್ಡ್ ಅಥವಾ ನಿದ್ದೆ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಗರ್ಭಿಣಿಯರಿಗಂತೂ ಬೇಡವೇ ಬೇಡ. ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಬೀಳುವುದುಂಟು. ಕಣ್ಣು ಹಳದಿಯಾದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ರೀಶಿ ಒಣಗಿದರೆ ಕಟ್ಟಿಗೆಯಷ್ಟು ಗಟ್ಟಿ. ಹಾಗಾಗಿ ಹೆಚ್ಚಾಗಿ ಸಾರ ತೆಗೆದು ಕ್ಯಾಪ್ಸೂಲ್ ಮಾಡಿ ಮಾರುತ್ತಾರೆ. ಅದರ ಬೀಟಾ-ಗ್ಲುಕಾನ್ (ಅಣಬೆಯಲ್ಲಿರುವ ಒಂದು ಬಗೆಯ ನಾರು) ಬಿಸಿನೀರಿಗೆ ಬಿಡುತ್ತದೆ, ಕಹಿ ಕೊಡುವ ಟ್ರೈಟರ್ಪೀನ್‌ಗಳಿಗೆ ಆಲ್ಕೋಹಾಲ್ ಬೇಕು. ಲೇಬಲ್ ಮೇಲೆ ಬರೀ ‘ಪಾಲಿಸ್ಯಾಕರೈಡ್’ (ಸಕ್ಕರೆ ಕಣಗಳ ಉದ್ದ ಸರಪಳಿ) ಅಂತ ಇದ್ದರೆ ಸುಮ್ನೆ ನಂಬಬೇಡಿ. ಅಣಬೆ ಬೆಳೆಸಿದ ಧಾನ್ಯದ ಪಿಷ್ಟವೂ ಆ ಲೆಕ್ಕದಲ್ಲೇ ಬರುತ್ತದೆ ಅಲ್ವಾ! ಬೀಟಾ-ಗ್ಲುಕಾನ್ ಶೇಕಡಾ ಎಷ್ಟು ಅಂತ ನೋಡಿ. ಕ್ಯಾನ್ಸರ್ ವಾಸಿಯಾಗುತ್ತದೆ ಅನ್ನುವ ಮಾತಿಗೆ ಆಧಾರವಿಲ್ಲ. ಲ್ಯಾಬಿನ ಜೀವಕೋಶ ಬೇರೆ, ಮನುಷ್ಯನ ಮೈ ಬೇರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಆಪರೇಷನ್‌ಗೆ ದಿನ ಗೊತ್ತಾದವರು ಡಾಕ್ಟರನ್ನು ಕೇಳದೆ ರೀಶಿ ಮುಟ್ಟಬೇಡಿ.