ಯಾಕುಲ್ಟ್, ಮೂರು ವರ್ಷದ ಮೇಲೆ: ತಂಪು ತಪ್ಪಿದರೆ ದುಡ್ಡು ದಂಡ

ಕಲಬುರಗಿಯ ಬಿಸಿಲಲ್ಲಿ ಮೂರು ವರ್ಷದಿಂದ ಯಾಕುಲ್ಟ್ ಅನ್ನುವ ಹುದುಗಿಸಿದ ಹಾಲಿನ ಪಾನೀಯ ಕುಡಿಯುತ್ತಿದ್ದೇನೆ. ಶುರು ಮಾಡಿದ್ದು ಒಂದು ಆಂಟಿಬಯಾಟಿಕ್ ಕೋರ್ಸ್ ಆದಮೇಲೆ. ಆಗ ಏನು ತಿಂದರೂ ಹೊಟ್ಟೆ ಗುಡುಗುಡು ಅನ್ನುತ್ತಿತ್ತು. ಮೊಸರು, ಮಜ್ಜಿಗೆ ಜಾಸ್ತಿ ತಗೊಳ್ಳಿ, ಬೇಕಿದ್ದರೆ ಪ್ರೊಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದಾದ ಜೀವಂತ ಬ್ಯಾಕ್ಟೀರಿಯಾ ಇರುವ ಪಾನೀಯ, ಕೂಡ ಕುಡಿಯಿರಿ ಅಂದರು ಡಾಕ್ಟರು.

ಮನೆಯಲ್ಲಿ ದಿನಾ ಹೆಪ್ಪು ಹಾಕುತ್ತೇವೆ, ಅದರಲ್ಲೂ ಜೀವ ಇರುವ ಬ್ಯಾಕ್ಟೀರಿಯಾ ಇರುತ್ತವೆ, ಅಲ್ವಾ? ಇರುತ್ತವೆ. ಹಾಲಿನಲ್ಲಿರುವ ಸಕ್ಕರೆ, ಲ್ಯಾಕ್ಟೋಸ್, ಅರಗಲು ಅವು ಚೆನ್ನಾಗಿಯೇ ನೆರವಾಗುತ್ತವೆ. ಆದರೆ ಅವುಗಳಲ್ಲಿ ಬಹಳಷ್ಟು ಹೊಟ್ಟೆಯ ಆಮ್ಲ, ಪಿತ್ತರಸ ದಾಟುವಷ್ಟರಲ್ಲಿ ಸಾಯುತ್ತವೆ. ಜಪಾನಿನ ವಿಜ್ಞಾನಿ ಮಿನೋರು ಶಿರೋಟಾ 1930ರಲ್ಲಿ ಇದನ್ನು ತಾಳಿಕೊಂಡು ಕರುಳು ಮುಟ್ಟುವ ಒಂದು ಬ್ಯಾಕ್ಟೀರಿಯಾ ತಳಿಯನ್ನು ಬೆಳೆಸಿದರು. 1935ರಲ್ಲಿ ಅದು ಯಾಕುಲ್ಟ್ ಆಗಿ ಮಾರಾಟಕ್ಕೆ ಬಂತು. 65 ಎಂಎಲ್‌ನ ಪುಟ್ಟ ಬಾಟಲಿಯಲ್ಲಿ 650 ಕೋಟಿ ಬ್ಯಾಕ್ಟೀರಿಯಾ. ಪ್ರೊಬಯಾಟಿಕ್ ಅಂತ ಮಾರಬೇಕಾದರೆ ಒಂದು ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಇರಬೇಕು ಅನ್ನುತ್ತದೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ.

ಲೆಕ್ಕವೇನೋ ಸರಿ. ಆದರೆ ಆ 650 ಕೋಟಿ ನಮ್ಮ ಬಾಯಿಗೆ ಬರುವ ತನಕ ಬದುಕಿರಬೇಕಲ್ಲ? 10 ಡಿಗ್ರಿಗಿಂತ ಕೆಳಗೆ ಇಡಿ ಅಂತ ಹೇಳುವುದು ಅದಕ್ಕೇ. ತಣ್ಣಗಿದ್ದರೆ ಅವು ಮಲಗಿದಂತೆ ಇರುತ್ತವೆ. ಬೆಚ್ಚಗಾದರೆ ಎದ್ದು ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಕಡೆಗೆ ಆ ಆಮ್ಲದಲ್ಲಿ ತಾವೇ ಸಾಯುತ್ತವೆ. ಏಪ್ರಿಲ್‌ನಲ್ಲಿ ಹೊರಗಿಟ್ಟ ಮೊಸರು ಮಧ್ಯಾಹ್ನಕ್ಕೇ ಹುಳಿ ಹಿಡಿಯುತ್ತದಲ್ಲ, ಅದೇ ಆಟ ಇದು.

ಇದು ನನಗೆ ಗೊತ್ತಾಗಿದ್ದು ಎರಡನೇ ವರ್ಷದ ಬೇಸಿಗೆಯಲ್ಲಿ. ನಾನು ತರುತ್ತಿದ್ದ ಅಂಗಡಿಯಲ್ಲಿ ಪ್ಯಾಕ್‌ಗಳನ್ನು ಕೌಂಟರ್ ಮೇಲೆ ಜೋಡಿಸಿಟ್ಟಿದ್ದರು. ಮುಟ್ಟಿದರೆ ಬೆಚ್ಚಗಿತ್ತು. ಕೇಳಿದ್ದಕ್ಕೆ, "ಮೊಸರಿನ ಜಾತಿನೇ ಅಲ್ಲೇನ್ರೀ ಅಕ್ಕಾ, ಏನಾಗ್ತದ?" ಅಂದರು. ಆ ಪ್ಯಾಕ್ ಮಾಮೂಲಿಗಿಂತ ಹುಳಿ ಇತ್ತು. ಐದೂ ಬಾಟಲಿ ಚೆಲ್ಲಿದೆ. ದುಡ್ಡು ಹೋಯಿತಲ್ಲ ಅಂತ ಹೊಟ್ಟೆ ಉರಿಯಿತು. ಆಮೇಲಿಂದ ಫ್ರಿಜ್ಜಿನೊಳಗೆ ಇಡುವ ಅಂಗಡಿಯಲ್ಲಿ ಮಾತ್ರ ಕೊಳ್ಳುತ್ತೇನೆ. ಸ್ಟೀಲ್ ಡಬ್ಬಿಯಲ್ಲಿ ಐಸ್ ಹಾಕಿಕೊಂಡು ಹೋಗುತ್ತೇನೆ. ಆನ್‌ಲೈನ್‌ನಲ್ಲಿ ಬೇಸಿಗೆಯಲ್ಲಿ ತರಿಸುವುದೇ ಇಲ್ಲ.

ಒಮ್ಮೆ ಇದನ್ನೇ ಹೆಪ್ಪಾಗಿ ಹಾಕಿ ನೋಡಿದೆ. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಈ ತಳಿ ನಿಧಾನ. ಫ್ಯಾಕ್ಟರಿಯಲ್ಲೂ ದಿನಗಟ್ಟಲೆ ಹುದುಗಿಸುತ್ತಾರೆ. ಹಾಗಾಗಿ ಒಂದು ಬಾಟಲಿ ತಂದು ಮನೆಯಲ್ಲೇ ಬೆಳೆಸಿಕೊಳ್ಳುತ್ತೇನೆ ಅನ್ನುವ ಆಸೆ ಬೇಡ.

ನನ್ನ ಹೊಟ್ಟೆ ಎರಡು ಮೂರು ವಾರದಲ್ಲಿ ಸರಿಹೋಯಿತು. ಅದು ಇದರಿಂದಲೇನಾ, ಆಂಟಿಬಯಾಟಿಕ್ ನಿಂತಿದ್ದಕ್ಕಾ, ಅಷ್ಟು ಖಚಿತವಾಗಿ ಹೇಳಲಾರೆ. ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ಖಾಯಂ ಮನೆ ಮಾಡುವುದಿಲ್ಲ. ಕುಡಿಯುವುದು ಬಿಟ್ಟರೆ ಕೆಲವು ದಿನಗಳಲ್ಲಿ ಹೋಗಿಬಿಡುತ್ತವೆ. ಅದಕ್ಕೇ ದಿನಾ ಒಂದು. ಸಕ್ಕರೆ ಜಾಸ್ತಿ ಇದೆ, ಅದೇ ನನ್ನ ದೊಡ್ಡ ದೂರು. ಶುಗರ್ ಇರುವ ನಮ್ಮ ಅತ್ತೆಗೆ ನಾನು ಕೊಡುವುದಿಲ್ಲ.

ಅತ್ತೆಗೆ ಮನೆಯ ಮೊಸರೇ. ಅವರು ಅನ್ನ ಪೂರ್ತಿ ಆರಿದ ಮೇಲೆಯೇ ಮೊಸರು ಕಲಸುತ್ತಾರೆ. ಸುಮ್ನೆ ರೂಢಿ ಅಂದುಕೊಂಡಿದ್ದೆ. ಯಾಕೆ ಅಂತ ಈಗ ಅರ್ಥವಾಯಿತು. ಹೊಗೆಯಾಡುವ ಅನ್ನಕ್ಕೆ ಸುರಿದರೆ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ಕುದಿಸಿದ ಮಜ್ಜಿಗೆ ಹುಳಿಯಲ್ಲಂತೂ ಒಂದೂ ಇಲ್ಲ. ನಿಮ್ಮ ಊರಲ್ಲಿ ಕರೆಂಟ್ ಪದೇ ಪದೇ ಹೋಗುತ್ತಿದ್ದರೆ, ಅಂಗಡಿಯ ಫ್ರಿಜ್ ಮೇಲೆ ನಂಬಿಕೆ ಇಲ್ಲದಿದ್ದರೆ, ಯಾಕುಲ್ಟ್‌ಗೆ ದುಡ್ಡು ಹಾಕಬೇಡಿ. ಅತ್ತೆಯ ಹಾಗೆ ತಾಜಾ ಮೊಸರು ತಿನ್ನಿ.