ಹಳೇ ಡಬ್ಬಿ ವ್ಯಾಕ್ಯೂಮ್ ಕ್ಲೀನರ್: ಮೋಟಾರ್ ಹೋಯ್ತು ಅನ್ನೋ ಮೊದಲು ಪೈಪ್ ನೋಡಿ

ನಮ್ಮ ಮನೆಯಲ್ಲಿರುವುದು ಹಳೇ ಕಾಲದ ವ್ಯಾಕ್ಯೂಮ್ ಕ್ಲೀನರ್. ಚಕ್ರದ ಮೇಲೆ ಓಡಾಡುವ ಡಬ್ಬಿ, ಉದ್ದನೆ ಪೈಪು, ಒಳಗೆ ಬಟ್ಟೆ ಚೀಲ. ಟೈ ಕಟ್ಟಿಕೊಂಡ ಸೇಲ್ಸ್‌ಮನ್‌ಗಳು ಮನೆಗೇ ಬಂದು, ನಮ್ಮದೇ ಹಾಸಿಗೆಯಿಂದ ಧೂಳು ಎಳೆದು ತೋರಿಸಿ, ನಾಚಿಕೆ ಆಗುವಂತೆ ಮಾಡಿ ಮಾರುತ್ತಿದ್ದರಲ್ಲ, ಆ ಕಾಲದ ಮಾಲು. ಕಂಪನಿ ಹೆಸರು ಬೇಡ ಬಿಡಿ. ಈ ಜಾತಿಯ ಮೆಷಿನ್‌ಗಳೆಲ್ಲ ಒಳಗಡೆ ಹೆಚ್ಚುಕಮ್ಮಿ ಒಂದೇ. ಇಷ್ಟು ವರ್ಷ ಬಳಸಿದ ಮೇಲೆ ಒಂದಂತೂ ಖಾತ್ರಿಯಾಗಿದೆ: ಮೆಷಿನ್ ಓಡುತ್ತಿದ್ದೂ ಧೂಳು ಎಳೆಯುತ್ತಿಲ್ಲ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಗಾಳಿ ಹೋಗುವ ದಾರಿಯನ್ನು. ಮೋಟಾರಿನ ಸರದಿ ಆಮೇಲೆ.

ಸರ್ವಿಸ್‌ನವರು ಮಾತ್ರ ಹಾಗೆ ಹೇಳುವುದಿಲ್ಲ. ಮನೆಗೆ ಬಂದ ಹುಡುಗ ಸ್ವಿಚ್ ಹಾಕಿ, ಸದ್ದು ಕೇಳಿ, "ಮೋಟಾರ್ ವೀಕ್ ಆಗಿದೆ ಮೇಡಂ, ಎಕ್ಸ್‌ಚೇಂಜ್‌ನಲ್ಲಿ ಹೊಸದು ತಗೊಳ್ಳಿ" ಅಂದ. ಮುಚ್ಚಳ ಕೂಡ ತೆಗೆದಿರಲಿಲ್ಲ. ಅವನು ಹೋದ ಮೇಲೆ ಪೈಪ್ ಬಿಚ್ಚಿ ಡಬ್ಬಿಯ ಬಾಯಿಗೇ ಅಂಗೈ ಒತ್ತಿ ಹಿಡಿದೆ. ಕೈ ಗಟ್ಟಿಯಾಗಿ ಅಂಟಿಕೊಂಡಿತು. ಅಂದರೆ ಮೋಟಾರು, ಚೀಲ ಎರಡೂ ಸರಿ ಇವೆ. ಪೈಪ್ ಜೋಡಿಸಿ ಅದರ ತುದಿಯಲ್ಲಿ ಕೈ ಇಟ್ಟರೆ ಸುಮ್ನೆ ತಣ್ಣಗೆ ಒಂಚೂರು ಗಾಳಿ. ಕಳ್ಳ ಸಿಕ್ಕಿದ. ಪೈಪನ್ನು ಹಿಂಬದಿಯ, ಗಾಳಿ ಹೊರಗೆ ಊದುವ ಬ್ಲೋವರ್ ಬಾಯಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹಳೇ ದಿಂಬಿನ ಕವರಿನೊಳಗೆ ತೂರಿಸಿ ಸ್ವಿಚ್ ಹಾಕಿದೆ. ಒಂದೇ ಸಲಕ್ಕೆ ಟಪ್ ಅಂತ ಬಿತ್ತು: ಹೇರ್‌ಪಿನ್ನು, ಅದಕ್ಕೆ ಸುತ್ತಿಕೊಂಡ ಕೂದಲು, ದಾರ, ಒಂದು ಬಿಂದಿ, ಅರ್ಧ ಕಡಲೆಬೀಜ. ಖರ್ಚು ಸೊನ್ನೆ.

ಈ ಮೆಷಿನ್‌ಗೆ ಮೀಟರ್ ಬೇಡ, ಕಿವಿ ಸಾಕು. ದಾರಿ ಕಟ್ಟಿಕೊಂಡರೆ ಸದ್ದು ಕೀರಲಾಗುತ್ತದೆ. ಮೋಟಾರ್ ಒದ್ದಾಡುತ್ತಿದೆ ಅಂತ ಅನಿಸುತ್ತದೆ, ಆದರೆ ನಡೆಯುವುದು ಉಲ್ಟಾ. ತಳ್ಳಲು ಗಾಳಿಯೇ ಇಲ್ಲದ್ದರಿಂದ ಫ್ಯಾನಿನ ಭಾರ ಇಳಿದು ಮೋಟಾರ್ ಇನ್ನೂ ಜೋರಾಗಿ ತಿರುಗುತ್ತದೆ. ಸದ್ದು ಮಾಮೂಲಿ ಇದ್ದು ತುದಿಯಲ್ಲಿ ಎಳೆತ ಕಮ್ಮಿ ಇದ್ದರೆ ಎಲ್ಲೋ ಸೋರಿಕೆ. ಪೈಪ್ ಸಾಮಾನ್ಯವಾಗಿ ಸೀಳುವುದು ಎರಡು ತುದಿಗಳ ಹತ್ತಿರ, ಬಗ್ಗಿ ಬಗ್ಗಿ. ಆ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಕಪ್ಲಿಂಗ್‌ಗೆ (ಪೈಪ್ ತುದಿಯ ಜೋಡಣೆ ತುಂಡಿಗೆ) ತಿರುಪಿ ಹಾಕಿದರೆ ಪೈಪ್ ಒಂದು ಗೇಣು ಚಿಕ್ಕದಾಗುತ್ತದೆ, ಅಷ್ಟೇ. ಹಿಡಿಯ ಮೇಲಿನ ಗಾಳಿ ಕಿಂಡಿ ತೆರೆದಿದೆಯಾ ಅಂತಲೂ ನೋಡಿ. ಪರದೆಗೆ ಬಳಸುವಾಗ ಎಳೆತ ಕಮ್ಮಿ ಮಾಡಲು ಇರುವ ಕಿಂಡಿ ಅದು.

ಇನ್ನೊಂದು ವಿಷಯ. ಮೋಟಾರನ್ನು ತಣ್ಣಗಿಡುವುದೂ ಇದೇ ಗಾಳಿಯೇ. ದಾರಿ ಕಟ್ಟಿಕೊಂಡೇ ಓಡಿಸಿದರೆ ಮೋಟಾರ್ ಬಿಸಿಯೇರುತ್ತದೆ. ಥರ್ಮಲ್ ಕಟ್‌ಔಟ್, ಅಂದರೆ ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಸ್ವಿಚ್, ಇದ್ದರೆ ಮೆಷಿನ್ ತಾನೇ ನಿಲ್ಲುತ್ತದೆ. ಎಷ್ಟೋ ಜನ ಆಗಲೇ ಸತ್ತುಹೋಯಿತು ಅಂತ ಗುಜರಿಗೆ ಹಾಕುತ್ತಾರೆ. ಪ್ಲಗ್ ತೆಗೆದು, ಅಡ್ಡ ಸಿಕ್ಕಿದ್ದನ್ನು ತೆಗೆದು, ಪೂರ್ತಿ ಆರಲು ಬಿಡಿ. ಮತ್ತೆ ಓಡುವ ಸಾಧ್ಯತೆ ಜಾಸ್ತಿ.

ಬಟ್ಟೆ ಚೀಲದ ದೊಡ್ಡ ಶತ್ರು ರಂಗೋಲಿ ಪುಡಿ. ಹಬ್ಬದ ಮಾರನೇ ದಿನ ಎಲ್ಲರಿಗೂ ಅದನ್ನು ಎಳೆಯುವ ಆಸೆ, ಅಲ್ವಾ? ಬೇಡ. ಆ ನುಣ್ಣನೆ ಕಲ್ಲುಪುಡಿ ಬಟ್ಟೆಯ ಕಣ್ಣುಗಳಲ್ಲಿ ಕೂತುಬಿಡುತ್ತದೆ. ಚೀಲ ಅರ್ಧ ಖಾಲಿ ಇದ್ದರೂ ಗಾಳಿ ಆಡುವುದಿಲ್ಲ. ಪ್ಲಾಸ್ಟರ್ ಧೂಳು, ಸಿಮೆಂಟ್ ಕೂಡ ಹಾಗೇ, ಜೊತೆಗೆ ಒಂದಿಷ್ಟು ಚೀಲ ದಾಟಿ ಮೋಟಾರಿಗೂ ಹೋಗುತ್ತದೆ. ನಾನು ಚೀಲವನ್ನು ಟೆರೇಸ್‌ನಲ್ಲಿ ತಿರುವಿ ಕೊಡವಿ, ಆಗೊಮ್ಮೆ ಈಗೊಮ್ಮೆ ಒಗೆದು, ಬಿಸಿಲಲ್ಲಿ ಗರಿಗರಿ ಒಣಗಿಸುತ್ತೇನೆ. ತೇವ ಉಳಿದರೆ ಧೂಳು ಕೆಸರಾಗುತ್ತದೆ.

ನಿಜವಾಗಿ ಮೋಟಾರಿನ ಕಾಯಿಲೆ ಬಂದದ್ದು ಒಮ್ಮೆ. ಓಡುತ್ತಾ ಓಡುತ್ತಾ ನಿಲ್ಲುವುದು, ತಟ್ಟಿದರೆ ಮತ್ತೆ ಓಡುವುದು, ಹಿಂದಿನ ಜಾಲರಿಯಲ್ಲಿ ನೀಲಿ ಕಿಡಿ, ಕಮಟು ವಾಸನೆ. ಕಾರ್ಬನ್ ಬ್ರಷ್ ಸವೆದಿತ್ತು. ಎರಡು ಚಿಕ್ಕ ಇದ್ದಿಲ ತುಂಡುಗಳಂಥವು. ಸ್ಪ್ರಿಂಗ್ ಒತ್ತಡದಲ್ಲಿ ಕಮ್ಯುಟೇಟರಿಗೆ (ಮೋಟಾರಿನಲ್ಲಿ ತಿರುಗುವ ತಾಮ್ರದ ಪಟ್ಟಿಗಳ ಉರುಳೆಗೆ) ತಾಗಿಕೊಂಡು ಕರೆಂಟ್ ದಾಟಿಸುತ್ತವೆ, ದಾಟಿಸುತ್ತಲೇ ಸವೆಯುತ್ತವೆ. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿನ ಬಿಡಿಭಾಗಗಳ ಮಾರ್ಕೆಟ್ ಎಸ್‌ಪಿ ರೋಡಿಗೆ ಹೋದರೆ ಅಂಗಡಿಯವನು ಅಳತೆ ನೋಡಿ ಒಂದು ಜೊತೆ ಕೊಟ್ಟ. ಮಿಕ್ಸಿ ರಿಪೇರಿ ಮಾಡುವವರ ಬಳಿಯೂ ಸಿಗುತ್ತದೆ, ಯಾಕೆಂದರೆ ಮಿಕ್ಸಿಯಲ್ಲಿರುವುದೂ ಇದೇ ಬಗೆಯ, ಬ್ರಷ್ ಇರುವ ಯೂನಿವರ್ಸಲ್ ಮೋಟಾರ್. ಹೊಸ ಬ್ರಷ್ ಹಾಕಿದ ಮೇಲೆ ಶುರುವಿನಲ್ಲಿ ಸ್ವಲ್ಪ ಕಿಡಿ ಸಹಜ, ಕೂತುಕೊಂಡ ಮೇಲೆ ನಿಲ್ಲುತ್ತದೆ. ಕಮ್ಯುಟೇಟರ್ ಸುತ್ತ ಉಂಗುರದ ಹಾಗೆ ಕಿಡಿ ಹಬ್ಬಿದರೆ ಮಾತ್ರ ಕೈಬಿಡಿ. ಆಗ ಆರ್ಮೆಚರ್‌ಗೇ, ಅಂದರೆ ತಂತಿ ಸುತ್ತಿದ ತಿರುಗುವ ಭಾಗಕ್ಕೇ, ಏಟು ಬಿದ್ದಿರುತ್ತದೆ.

ವ್ಯಾಟ್ ನೋಡಿ ಮರುಳಾಗಬೇಡಿ. ನನ್ನದರ ಮೇಲೆ 1400 ವ್ಯಾಟ್ ಅಂತಿದೆ. ಅದು ತಿನ್ನುವ ಕರೆಂಟಿನ ಲೆಕ್ಕ, ಎಳೆಯುವ ಶಕ್ತಿಯದ್ದಲ್ಲ. ಯುರೋಪಿಯನ್ ಯೂನಿಯನ್ 2014ರಲ್ಲಿ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ 1600 ವ್ಯಾಟ್ ಮಿತಿ ಹಾಕಿ, 2017ರಲ್ಲಿ ಅದನ್ನು 900ಕ್ಕೆ ಇಳಿಸಿತು, ಆದರೂ ಅಲ್ಲಿಯವರ ಮನೆ ಗುಡಿಸುವುದೇನೂ ನಿಂತಿಲ್ಲ. 230 ವೋಲ್ಟ್‌ನಲ್ಲಿ 1400 ವ್ಯಾಟ್ ಅಂದರೆ 6 ಆಂಪಿಯರ್‌ಗಿಂತ ಚೂರು ಜಾಸ್ತಿಯೇ. ಹಾಗಾಗಿ ಟಿವಿ ಪಕ್ಕದ 6 ಆಂಪಿಯರ್‌ನ ಸಣ್ಣ ಪ್ಲಗ್ಗು, ತೆಳು ಎಕ್ಸ್‌ಟೆನ್ಷನ್ ಎರಡೂ ಬೇಡ. 16 ಆಂಪಿಯರ್ ಸಾಕೆಟ್ಟೇ ಸರಿ.

ಕೊರತೆ ಇಲ್ಲವೇ? ಬೇಕಾದಷ್ಟಿವೆ. ಸದ್ದು ವಿಪರೀತ, ಫೋನ್ ಬಂದರೂ ಕೇಳಿಸುವುದಿಲ್ಲ. ವೈರ್ ಪೂರ್ತಿ ಒಳಗೆ ಹೋಗುವುದಿಲ್ಲ, ಕೊನೆಯ ಒಂದು ಮೊಳ ಕೈಯಲ್ಲೇ ತುರುಕಬೇಕು. ದಿನಾ ಗುಡಿಸಲು ಇದನ್ನು ತೆಗೆಯುವವರು ಯಾರೂ ಇಲ್ಲ, ಪೊರಕೆಯೇ ಬೇಗ. ಸೋಫಾ ಸಂದಿ, ಹತ್ತಿ ಹಾಸಿಗೆ, ಕಿಟಕಿ ಜಾಲರಿ, ಕಾರಿನ ಸೀಟು, ಇಲ್ಲೇ ಇದಕ್ಕೆ ಸಾಟಿಯಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ, ಸಣ್ಣ ಧೂಳು ಹಿಂದಿನಿಂದ ವಾಪಸ್ ರೂಮಿಗೇ ಬರುತ್ತದೆ. ಮನೆಯಲ್ಲಿ ಅಸ್ತಮಾ ಇದ್ದವರು ಹಳೇದರ ಮೋಹ ಬಿಟ್ಟು ಹೆಪಾ ಫಿಲ್ಟರ್ (ತೀರಾ ಸಣ್ಣ ಧೂಳನ್ನೂ ಹಿಡಿಯುವ ಫಿಲ್ಟರ್) ಇರುವ, ಗಾಳಿ ಸೋರದಂತೆ ಮುಚ್ಚಿದ ಮೆಷಿನ್ನೇ ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹೊರಗಿನ ಹೊಳಪು ನೋಡಬೇಡಿ. ವೈರ್ ಪೂರ್ತಿ ಎಳೆದು ಎಲ್ಲೂ ಬಿರುಕಿಲ್ಲವಾ ನೋಡಿ, ಪೈಪ್ ಇಲ್ಲದೆ ಓಡಿಸಿ ಅಂಗೈ ಇಡಿ, ಬೇರಿಂಗ್ ಕರಕರ ಅನ್ನುತ್ತದಾ ಕೇಳಿ. ಆ ಅಳತೆಯ ಚೀಲ ಈಗಲೂ ಮಾರ್ಕೆಟ್‌ನಲ್ಲಿ ಸಿಗುತ್ತದಾ ಅಂತ ದುಡ್ಡು ಕೊಡುವ ಮೊದಲೇ ವಿಚಾರಿಸಿ.